ಹರಿಹರದಲ್ಲಿ ಕೂತು ಬೇಸ್‌ಬಾಲ್ ನೋಡುವುದು ಹೇಗೆ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ನೋಡುವ ಆಸೆ ಹುಟ್ಟಿದೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಹರಿಹರ

ಉತ್ತರ: ಮೊದಲು ಹೊತ್ತು ಹೊಂದಿಸಿಕೊಳ್ಳಿ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಸಂಜೆ 7ರ ಪಂದ್ಯ ನಮಗೆ ಮರುದಿನ ನಸುಕಿನ 4.30ಕ್ಕೆ, ಲಾಸ್ ಏಂಜಲೀಸಿನದು ಬೆಳಿಗ್ಗೆ 7.30ಕ್ಕೆ, ಬೆಣ್ಣೆ ದೋಸೆಯ ಹೊತ್ತಿಗೆ ಸರಿಯಾಗಿ.

ದಾವಣಗೆರೆಯ ವಿನಯ್ ಕುಮಾರ್ ಬೌಲಿಂಗ್ ನೋಡಿ ಬೆಳೆದವರಿಗೆ, ಚೆಂಡೆಸೆಯುವ ಪಿಚರ್‌ನ ಕೈಚಳಕ ಬೇಗ ಹಿಡಿಸುತ್ತದೆ. ಚೆಂಡು ನೆಲಕ್ಕೆ ಪುಟಿಯದೆ, 60 ಅಡಿ 6 ಅಂಗುಲ ದೂರದಿಂದ ನೇರ ಬರುತ್ತದೆ. ಗಾಳಿಯಲ್ಲೇ ಬಾಗುತ್ತದೆ, ಕುಸಿಯುತ್ತದೆ. ಬೀಸಿ ತಪ್ಪಿದ ಅಥವಾ ಹೊಡೆಯದೆ ಬಿಟ್ಟ ಸರಿಯಾದ ಎಸೆತವೇ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಇಂಥ ಸರದಿ ತಂಡಕ್ಕೆ ಒಂಬತ್ತು. ಹಿಂದಕ್ಕೆ ಹೋದ ಚೆಂಡಿಗೆ ರನ್ ಇಲ್ಲ, ಅದು ಫೌಲ್. ಲೇಟ್ ಕಟ್ ಇಲ್ಲಿ ನಡೆಯದು.

ಮೇಜರ್ ಲೀಗಿನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡಕ್ಕೂ 162 ಪಂದ್ಯ. ಹೀಗಾಗಿ ಒಂದು ಸೋಲಿಗೆ ಎದೆಗುಂದಬೇಕಿಲ್ಲ. ಈ ಆಟಕ್ಕೆ ನಮ್ಮವರ ನಂಟೂ ಇದೆ: 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತ್ತು. ಇಬ್ಬರೂ ಭರ್ಜಿ ಎಸೆತ ಕಲಿತವರು.

ಎಲ್ಲವನ್ನೂ ನೋಡಲು ಹೋಗಬೇಡಿ. ಒಂದೇ ತಂಡ ಆರಿಸಿಕೊಂಡು ಒಂದು ತಿಂಗಳು ಬಿಡದೆ ನೋಡಿ. ಆಟ ತಾನಾಗಿ ಅರ್ಥವಾಗುತ್ತದೆ.