ಮೆಟಲ್ ಗೇರ್ ಎಂಬ ಅಡಗಾಟದ ಕಥೆ

ಯುದ್ಧದ ಆಟವೆಂದರೆ ಗುಂಡಿನ ಮಳೆ, ಹೆಣಗಳ ರಾಶಿ ಎಂದೇ ಗೃಹಸ್ಥರಾದ ನಾವು ತಿಳಿದಿರುತ್ತೇವೆ. ಮನೆಯ ಹುಡುಗರು ಪರದೆಯ ಮುಂದೆ ಕುಳಿತು ಆಡುವ ವಿಡಿಯೋ ಆಟಗಳಲ್ಲಿ ಅನೇಕವು ಹಾಗೆಯೇ ಇರುವುದರಿಂದ ಈ ತಿಳಿವಳಿಕೆಯನ್ನು ತಪ್ಪೆನ್ನಲಾಗದು. ಆದರೆ 1987ರಲ್ಲಿ ಜಪಾನ್ ದೇಶದಲ್ಲಿ ಹುಟ್ಟಿದ ‘ಮೆಟಲ್ ಗೇರ್’ ಎಂಬ ಆಟದ ಕ್ರಮವೇ ಬೇರೆ. ಇಲ್ಲಿ ಜಾಣನೆನ್ನಿಸಿಕೊಳ್ಳುವವನು ಹೊಡೆಯುವವನಲ್ಲ, ಅಡಗುವವನು. ಶತ್ರುವಿನ ಕೋಟೆಯನ್ನು ಒಬ್ಬಂಟಿಯಾಗಿ ಹೊಕ್ಕು, ಕಾವಲುಗಾರರ ಕಣ್ಣು ತಪ್ಪಿಸಿ, ಗೋಡೆಯ ಮರೆಯಲ್ಲೋ ರಟ್ಟಿನ ಪೆಟ್ಟಿಗೆಯ ಒಳಗೋ ಉಸಿರು ಬಿಗಿಹಿಡಿದು ಕುಳಿತು, ಕಾರ್ಯವನ್ನು ಸಾಧಿಸತಕ್ಕದ್ದು.

ಈ ಕ್ರಮವು ಧರ್ಮಬುದ್ಧಿಯಿಂದ ಹುಟ್ಟಿತೆಂದು ವಾಚಕರು ಭಾವಿಸಬೇಕಾಗಿಲ್ಲ. ಯಂತ್ರದ ಬಡತನದಿಂದ ಹುಟ್ಟಿತು. ಕೊನಾಮಿ ಎಂಬ ಕಂಪೆನಿಯಲ್ಲಿದ್ದ ಹಿದೆಯೊ ಕೊಜಿಮ ಎಂಬ ತರುಣನ ಪಾಲಿಗೆ ಯುದ್ಧದ ಆಟವೊಂದನ್ನು ರಚಿಸುವ ಕೆಲಸ ಬಂದಿತು. ಆಗಿನ ಎಂ.ಎಸ್.ಎಕ್ಸ್.2 ಎಂಬ ಕಂಪ್ಯೂಟರಿಗೋ ಅನೇಕ ಯೋಧರನ್ನೂ ಗುಂಡುಗಳನ್ನೂ ಏಕಕಾಲದಲ್ಲಿ ತೋರಿಸುವ ಶಕ್ತಿಯಿರಲಿಲ್ಲ. ಕಾಳಗವನ್ನು ತೋರಿಸಲಾಗದಿದ್ದರೆ ಕಾಳಗವನ್ನು ತಪ್ಪಿಸುವವನನ್ನೇ ತೋರಿಸೋಣವೆಂದು ಅವನು ನಿಶ್ಚಯಿಸಿದನು. ಮೆಟಲ್ ಗೇರ್ ಎಂಬುದು ಅಣ್ವಸ್ತ್ರವನ್ನು ಹೊತ್ತು ಕಾಲಿನಿಂದ ನಡೆದಾಡುವ ಒಂದು ಕಲ್ಪಿತ ಯಂತ್ರ. ಅದನ್ನು ನಾಶಮಾಡಲು ಹೊರಡುವ ನಾಯಕನ ಹೆಸರು ಸಾಲಿಡ್ ಸ್ನೇಕ್, ಎಂದರೆ ಘನಸರ್ಪ. ಮುಂದೆ ಅವನಿಗೆ ಲಿಕ್ವಿಡ್ ಸ್ನೇಕ್, ಎಂದರೆ ದ್ರವಸರ್ಪ, ಎಂಬ ಒಬ್ಬ ಸಹೋದರನೂ ಕಾಣಿಸಿಕೊಳ್ಳುವನು. ವಾಯುಸರ್ಪನೊಬ್ಬನು ಬಾರದಿದ್ದುದು ನಮ್ಮ ಪುಣ್ಯ.

ಕಥೆಯ ತೊಡಕಿಗೆ ಮೊದಲನೆಯ ಆಟದಲ್ಲಿಯೇ ಬೀಜ ಬಿದ್ದಿತು. ಬಿಗ್ ಬಾಸ್ ಎಂಬ ದಳಪತಿ ರೇಡಿಯೋ ಮೂಲಕ ಸ್ನೇಕನಿಗೆ ಆಜ್ಞೆಗಳನ್ನು ಕೊಡುತ್ತಿರುವನು. ಕಡೆಗೆ ನೋಡಿದರೆ ಶತ್ರುಗಳ ಒಡೆಯನೂ ಅವನೇ! ಗುಟ್ಟು ಬಯಲಾಗುವ ಸಮಯಕ್ಕೆ, ಯಂತ್ರವನ್ನು ಆರಿಸಿಬಿಡು ಎಂದು ಆಡುವವನಿಗೇ ಅವನು ಆಜ್ಞಾಪಿಸುವನು. ನಮ್ಮ ವಿಶಾಖದತ್ತನ ಮುದ್ರಾರಾಕ್ಷಸದಲ್ಲಿಯೂ ಚಾಣಕ್ಯನ ಗೂಢಚಾರರು ಮಿತ್ರರ ವೇಷದಲ್ಲಿ ರಾಕ್ಷಸನ ಪಕ್ಷದೊಳಗೆ ಸೇರಿಕೊಂಡಿರುತ್ತಾರೆ. ಆದರೆ ಅಲ್ಲಿ ಮೋಸಹೋಗುವವನು ರಾಕ್ಷಸ. ಪ್ರೇಕ್ಷಕನಿಗೆ ಚಾಣಕ್ಯನ ಹಂಚಿಕೆ ಬಹುಮಟ್ಟಿಗೆ ಗೊತ್ತು. ಕೊಜಿಮನ ಕಥೆಯಲ್ಲಿ ಮೋಸಹೋಗುವವನು ಪ್ರೇಕ್ಷಕನೇ. 2001ರ ಭಾಗದಲ್ಲಿ ಸ್ನೇಕನಾಗಿ ಆಡಲು ಕಾತರಿಸಿದ್ದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ರೈಡನ್ ಎಂಬ ಅಪರಿಚಿತ ಎಳೆಯನ ಪಾತ್ರವನ್ನು ಕೊಟ್ಟುಬಿಟ್ಟನು. ಪೂರ್ವಪ್ರಚಾರದಲ್ಲಿ ಇದರ ಸುಳಿವೇ ಇರಲಿಲ್ಲ. ಅನೇಕರು ಕೋಪಿಸಿಕೊಂಡರು.

ಕಾಲಕ್ರಮವೂ ಸರಳವಲ್ಲ. 1987ರ ಆಟದ ಕಥೆ ನಡೆಯುವುದು 1995ರಲ್ಲಿ. 1998ರ ಆಟದ್ದು 2005ರಲ್ಲಿ. 2004ರಲ್ಲಿ ಬಂದ ಭಾಗವು ಥಟ್ಟನೆ 1964ಕ್ಕೆ ಹಿಂದಿರುಗುತ್ತದೆ. 2008ರದು 2014ಕ್ಕೆ ಜಿಗಿಯುತ್ತದೆ. 2015ರದು ಮತ್ತೆ 1984ಕ್ಕೆ. ವಂಶಾವಳಿಯನ್ನು ಬರೆದಿಟ್ಟುಕೊಳ್ಳದೆ ಓದಲಾಗದ ಪುರಾಣದಂತೆ ಇದು. ಮೊದಲ ಆಟದಲ್ಲಿ ಸೋತ ಬಿಗ್ ಬಾಸ್ 1990ರ ಎರಡನೆಯ ಆಟದಲ್ಲಿ ಮತ್ತೆ ಹೇಗೆ ಎದುರಾದನೆಂಬುದಕ್ಕೆ ಪೂರ್ಣ ಸಮಾಧಾನ ದೊರೆತದ್ದು 2015ರಲ್ಲಿ. ಮೊದಲು ಸತ್ತವನು ಅವನಲ್ಲವಂತೆ. ಅವನ ರೂಪವನ್ನೂ ನೆನಪುಗಳನ್ನೂ ಕೊಟ್ಟು ಸಿದ್ಧಪಡಿಸಿದ ಒಬ್ಬ ವೈದ್ಯ ಸಿಪಾಯಿಯಂತೆ. ಆ ಭಾಗವನ್ನು ಆಡಿದವರು ಬಿಗ್ ಬಾಸ್ ತಾವೇ ಎಂದುಕೊಂಡು ಹತ್ತಾರು ಗಂಟೆ ಕಳೆದ ಮೇಲೆ, ತಾವು ಅವನ ಪ್ರತಿಬಿಂಬ ಮಾತ್ರವೆಂದು ತಿಳಿಯುವರು.

ಇಂತಹ ತಿರುವುಗಳೆಲ್ಲ ಒಂದೇ ತೂಕದವಲ್ಲವೆಂದು ನನ್ನ ಅಭಿಪ್ರಾಯ. 2008ರ ನಾಲ್ಕನೆಯ ಭಾಗದಲ್ಲಿ ಹಿಂದಿನ ಗಂಟುಗಳನ್ನೆಲ್ಲ ಬಿಚ್ಚಿಯೇ ತೀರುವೆನೆಂದು ಕರ್ತೃವು ಹಟತೊಟ್ಟಂತಿದೆ. ಕೊಂದರೂ ಸಾಯದ ಪಾತ್ರವೊಂದು ಹಿಂದಿನ ಭಾಗದಲ್ಲಿತ್ತು. ಅದಕ್ಕೆ ಕಾರಣ ದೇಹದೊಳಗೆ ಸೇರಿಸಿದ ಅತಿಸೂಕ್ಷ್ಮ ಯಂತ್ರಗಳು ಎಂದಾಯಿತು. ಒಬ್ಬನ ಕೈಯನ್ನು ಮತ್ತೊಬ್ಬನಿಗೆ ಕಸಿಮಾಡಿದುದರಿಂದ ಸತ್ತವನ ಆತ್ಮ ಬದುಕಿರುವವನನ್ನು ಹಿಡಿಯಿತೆಂದು ನಂಬಿಸಿದ್ದರು. ಅದೂ ತಾನೇ ಬರಿಸಿಕೊಂಡ ಭ್ರಮೆ ಎಂದಾಯಿತು. ದೆವ್ವದ ಕಥೆಗೆ ಔಷಧದ ಚೀಟಿ ಬರೆದುಕೊಟ್ಟರೆ ಭಯವೂ ಹೋಯಿತು, ರಸವೂ ಹೋಯಿತು. ಕೊನೆಯಲ್ಲಿ ಆಡುವವನು ಕೈಕಟ್ಟಿ ಒಂದು ಗಂಟೆಗೂ ಮೀರಿ ಚಲಚ್ಚಿತ್ರವನ್ನು ನೋಡುತ್ತ ಕೂರಬೇಕು. ವ್ಯಾಖ್ಯಾನವೇ ಮೂಲವನ್ನು ನುಂಗಿದ ಗ್ರಂಥಗಳನ್ನು ಪಾಠಶಾಲೆಯಲ್ಲಿ ಕಂಡವರಿಗೆ ಈ ಆಯಾಸ ಹೊಸದೇನೂ ಅಲ್ಲ.

ಇಷ್ಟು ತೊಡಕಿದ್ದರೂ ಈ ಕಥೆಯನ್ನು ಕುರಿತು ಗೃಹಸ್ಥರಿಗೆ ಹೇಳಬೇಕೆನ್ನಿಸಿದ್ದು 2004ರ ‘ಸ್ನೇಕ್ ಈಟರ್’ ಎಂಬ ಮೂರನೆಯ ಭಾಗಕ್ಕಾಗಿ. ಇದು ಬಿಗ್ ಬಾಸನ ಯೌವನದ ಕಥೆ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಶೀತಲಯುದ್ಧ ನಡೆಯುತ್ತಿದ್ದ ಕಾಲ. ಅವನಿಗೆ ಯುದ್ಧವಿದ್ಯೆಯನ್ನು ಕಲಿಸಿದ, ದಿ ಬಾಸ್ ಎಂದು ಕರೆಯಲ್ಪಡುವ ವೀರಮಹಿಳೆಯು ಶತ್ರುಪಕ್ಷವನ್ನು ಸೇರುವಳು. ಗುರುವನ್ನು ಕೊಲ್ಲೆಂದು ಶಿಷ್ಯನಿಗೆ ಸರ್ಕಾರದ ಆಜ್ಞೆಯಾಗುವುದು.

ದಾರಿಯಲ್ಲಿ ಕಾವಲುಗಾರರನ್ನು ಕೊಲ್ಲಬಹುದು. ನಿದ್ರೆ ಬರಿಸುವ ಸೂಜಿಯಿಂದ ಮಲಗಿಸಿ ಮುಂದೆ ಹೋಗಲೂಬಹುದು. ಆಡುವವನು ಏನು ಮಾಡಿದರೂ ಕೇಳುವವರಿಲ್ಲವೆಂದು ತೋರುವುದು. ಆಮೇಲೆ ಒಂದು ನದಿ ಬರುತ್ತದೆ. ಮಂಜು ಕವಿದ ಆ ನೀರಿನಲ್ಲಿ ಅವನು ಎದುರಿಗೆ ನಡೆದುಹೋಗಬೇಕು. ಅದುವರೆಗೆ ಅವನ ಕೈಯಲ್ಲಿ ಸತ್ತವರು ಅಲ್ಲಿ ಒಬ್ಬೊಬ್ಬರಾಗಿ, ಗಾಯಗಳೊಡನೆ ನರಳುತ್ತ ಎದುರು ಬರುವರು. ಹೆಚ್ಚು ಕೊಂದವನಿಗೆ ನದಿ ತುಂಬ ಪ್ರೇತಗಳು. ಕೊಲ್ಲದೆ ಬಂದವನಿಗೆ ನದಿ ಬಹುಮಟ್ಟಿಗೆ ಬರಿದು. ಜನ್ನನ ಯಶೋಧರ ಚರಿತೆಯಲ್ಲಿ ರಾಜನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವನ್ನು ಜನ್ಮಜನ್ಮಗಳಲ್ಲಿ ಉಣ್ಣಬೇಕಾಯಿತು. ಪರದೆಯ ಮೇಲಿನ ಸಿಪಾಯಿಯೂ ಹಿಟ್ಟಿನ ಕೋಳಿಯೇ ಅಲ್ಲವೆ? ಜೈನಕವಿಯ ಹೆಸರನ್ನೂ ಕೇಳಿರದ ಜಪಾನೀಯನೊಬ್ಬನು ಅದೇ ಪ್ರಶ್ನೆಯನ್ನು ಯಂತ್ರದೊಳಗೆ ಇಟ್ಟಿರುವನೆಂಬುದು ನನಗೆ ಸೋಜಿಗ.

ಕಡೆಯ ಕಾಳಗ ಬಿಳಿಯ ಹೂಗಳ ಬಯಲಿನಲ್ಲಿ. ಗುರು ಸೋತು ನೆಲಕ್ಕೊರಗುವಳು. ಅಲ್ಲಿಯವರೆಗೆ ದೊಡ್ಡ ಘಟನೆಗಳನ್ನೆಲ್ಲ ಚಲಚ್ಚಿತ್ರವಾಗಿ ತೋರಿಸಿದ ಕಥೆ ಈಗ ಮೌನವಾಗಿ ನಿಂತುಬಿಡುತ್ತದೆ. ಆಡುವವನು ತಾನೇ ಗುಂಡಿಯನ್ನೊತ್ತಿ ಗುಂಡು ಹಾರಿಸಬೇಕು. ಅವಳು ದ್ರೋಹಿಯಲ್ಲವೆಂಬುದು ತಿಳಿಯುವುದು ಆಮೇಲೆ. ದೇಶದ ಆಜ್ಞೆಯಂತೆಯೇ ಶತ್ರುವಿನ ಬಳಿಗೆ ಹೋಗಿ, ದೇಶದ ಮೇಲೆ ಬಂದ ಅಪವಾದವನ್ನು ಕಳೆಯಲು ದ್ರೋಹಿಯೆಂಬ ಹೆಸರನ್ನು ಹೊತ್ತು ಅವಳು ಸತ್ತಿರುವಳು. ಶಿಷ್ಯನಿಗೆ ಬಿಗ್ ಬಾಸ್ ಎಂಬ ಬಿರುದು ದೊರೆಯುವುದು ಈ ಕೊಲೆಗಾಗಿ. ಅವನು ಹೆಸರಿಲ್ಲದ ಸಮಾಧಿಯ ಮುಂದೆ ಕಣ್ಣೀರಿಡುತ್ತ ವಂದಿಸುವನು. ಮುಂದೆ ಅವನು ಕೆಟ್ಟದ್ದು ಏಕೆಂದು ಅಲ್ಲಿಗೆ ಅರ್ಥವಾಗುತ್ತದೆ. ಯಾವ ಸೂಕ್ಷ್ಮ ಯಂತ್ರದ ವಿವರಣೆಯೂ ಬೇಡ.

ಕೊಜಿಮನು 2015ರಲ್ಲಿ ಕೊನಾಮಿಯನ್ನು ಬಿಟ್ಟುಹೋದನು. ಆ ಕಂಪೆನಿಯವರು ಈ ಮೂರನೆಯ ಭಾಗವನ್ನೇ 2025ರ ಆಗಸ್ಟಿನಲ್ಲಿ, ಕಥೆಯನ್ನು ಬದಲಿಸದೆ, ಹೊಸ ಚಿತ್ರಗಳೊಡನೆ ಮತ್ತೆ ಹೊರತಂದಿದ್ದಾರೆ. ಅಮೆರಿಕದಲ್ಲಿ ಇದನ್ನು 17 ವರ್ಷ ತುಂಬಿದವರಿಗೆಂದು ಗುರುತಿಸಿರುವುದರಿಂದ ಚಿಕ್ಕವರ ಕೈಗೆ ಕೊಡತಕ್ಕದ್ದಲ್ಲ. ದೊಡ್ಡ ಹುಡುಗರು ಆಡುತ್ತಿದ್ದರೆ ಹಿರಿಯರು ನದಿಯ ಭಾಗ ಬಂದಾಗ ಪಕ್ಕದಲ್ಲಿ ಕುಳಿತು, ಎಷ್ಟು ಮಂದಿ ಎದುರು ಬರುವರೆಂದು ನೋಡಬಹುದು.