ಎರಡು ಲಕ್ಷಕ್ಕೆ ಎಷ್ಟು ಪಾಲು?

‘ನಿಮ್ಮ ಕಂಪನಿಗೆ ಎಷ್ಟು ಕ್ರಯ ಮಾರಾಯ?’

ಕಡಬದ ಮಾವ ಹೀಗೆ ಕೇಳಿದಾಗ ನಾವು ಮೂವರು ಗೆಳೆಯರು ಮುಖ ಮುಖ ನೋಡಿಕೊಂಡೆವು. ಕಂಪನಿ ಎನ್ನಲು ನಮ್ಮಲ್ಲಿ ಇದ್ದದ್ದು ಸುಳ್ಯದ ಹಾಸ್ಟೆಲ್ ಕೋಣೆಯಲ್ಲಿ ಮಾಡಿದ ಒಂದೇ ಒಂದು ಉಪಕರಣ. ಅಂಗಳದಲ್ಲಿ ಹಾಕಿದ ಅಡಿಕೆ ಎಷ್ಟು ಒಣಗಿದೆ ಎಂದು ಅದು ಮೊಬೈಲಿಗೆ ತಿಳಿಸುತ್ತದೆ. ಅದನ್ನು ನೋಡಿ ಖುಷಿಯಾದ ಮಾವ, ‘ಎರಡು ಲಕ್ಷ ಹಾಕುತ್ತೇನೆ, ಎಷ್ಟು ಪಾಲು ಕೊಡುತ್ತೀರಿ?’ ಎಂದರು.

ಲೆಕ್ಕವೇನೋ ಸುಲಭ. ಎರಡು ಲಕ್ಷಕ್ಕೆ ಶೇ 20 ಪಾಲು ಕೊಟ್ಟರೆ ಕಂಪನಿಯ ಬೆಲೆ 10 ಲಕ್ಷ. ಶೇ 2 ಕೊಟ್ಟರೆ 1 ಕೋಟಿ. ಇವೆರಡರಲ್ಲಿ ಯಾವುದು ಸರಿ ಎಂಬುದೇ ಕಷ್ಟ. ಶಾರ್ಕ್ ಟ್ಯಾಂಕ್ ನೋಡುವ ಗೆಳೆಯ ಕೋಟಿಗಿಂತ ಕಡಿಮೆಗೆ ಒಪ್ಪಲಿಲ್ಲ. ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿ ತೋರಿಸಿದ: ಮೊದಲ ವರ್ಷ 5 ಲಕ್ಷ ವ್ಯಾಪಾರ, ಪ್ರತಿ ವರ್ಷ ಎರಡು ಪಟ್ಟು, ಐದನೇ ವರ್ಷಕ್ಕೆ 80 ಲಕ್ಷ. ನಾನು ‘ಎರಡು ಪಟ್ಟು’ ಅಳಿಸಿ ‘ಒಂದೂವರೆ ಪಟ್ಟು’ ಎಂದು ಹಾಕಿದೆ. 80 ಲಕ್ಷ 25 ಲಕ್ಷಕ್ಕೆ ಇಳಿಯಿತು. ಆಗಿನ್ನೂ ನಾವು ಒಂದು ಉಪಕರಣವನ್ನೂ ಮಾರಿರಲಿಲ್ಲ!

ಇದು ನಮ್ಮಂಥ ಹುಡುಗರ ಪಾಡು ಮಾತ್ರ ಅಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲಿ ಹೂಡಿಕೆ ಪಡೆದಾಗ ಅದರ ಬೆಲೆ ಸುಮಾರು 1,500 ಕೋಟಿ ಡಾಲರ್. ಮರುವರ್ಷ ಅದರಲ್ಲಿ ಪಾಲಿದ್ದ ಮಾರ್ಗನ್ ಸ್ಟಾನ್ಲಿಯ ಒಂದು ಫಂಡ್ ತನ್ನ ಲೆಕ್ಕದಲ್ಲಿ ಅದನ್ನು ಸುಮಾರು 550 ಕೋಟಿ ಡಾಲರ್‌ಗೆ ಇಳಿಸಿತು. 2018ರಲ್ಲಿ ವಾಲ್‌ಮಾರ್ಟ್ ಬಂದು ಶೇ 77ರಷ್ಟು ಪಾಲಿಗೇ 1,600 ಕೋಟಿ ಡಾಲರ್ ಕೊಟ್ಟಿತು. ಬೈಜೂಸ್‌ನದು ಇದಕ್ಕೆ ಉಲ್ಟಾ. 2022ರಲ್ಲಿ ಅದರ ಬೆಲೆ 2,200 ಕೋಟಿ ಡಾಲರ್. 2024ರಲ್ಲಿ ಅದರ ದೊಡ್ಡ ಹೂಡಿಕೆದಾರರಲ್ಲಿ ಒಂದಾದ ಪ್ರೊಸಸ್ ತನ್ನ ಪಾಲಿನ ಬೆಲೆ ಸೊನ್ನೆ ಎಂದು ಬರೆದುಕೊಂಡಿತು.

ನಮ್ಮೂರಿನಲ್ಲಿ ಅಡಿಕೆಗಾದರೂ ಧಾರಣೆ ಇದೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಇವತ್ತು ಎಷ್ಟಕ್ಕೆ ಕೊಳ್ಳುತ್ತದೆ ಎಂದು ಕೇಳಿ ತಿಳಿಯಬಹುದು. ಹಾಗಿದ್ದೂ ಒಂದೇ ಗೋಣಿಯನ್ನು ಒಬ್ಬ ವ್ಯಾಪಾರಿ ಒಳ್ಳೆಯ ಚಾಲಿ ಎಂದರೆ ಇನ್ನೊಬ್ಬ ಅದರಲ್ಲಿ ಪಟೋರ ಹುಡುಕುತ್ತಾನೆ. ಆದರೆ ಸಂಶಯ ಬಂದರೆ ಅಡಿಕೆಯನ್ನು ತುಂಡು ಮಾಡಿ ಒಳಗೆ ನೋಡಬಹುದು. ನಾಳೆ ಬೆಳೆಯಬೇಕಾದ ಕಂಪನಿಯನ್ನು ಹಾಗೆ ನೋಡಲಾಗುವುದಿಲ್ಲ. ಅಲ್ಲಿ ಬೆಲೆ ಎಂದರೆ ಇಬ್ಬರ ನಂಬಿಕೆ ಮತ್ತು ಒಂದಷ್ಟು ಚೌಕಾಸಿ. ತೀರಾ ಕಡಿಮೆ ಹೇಳಿದರೆ ಕಂಪನಿ ನಮ್ಮ ಕೈತಪ್ಪುತ್ತದೆ. ತೀರಾ ಹೆಚ್ಚು ಹೇಳಿದರೆ ಮುಂದಿನ ಹೂಡಿಕೆದಾರ ಆ ಬೆಲೆಗೆ ಒಪ್ಪುವುದಿಲ್ಲ, ಮೊದಲು ನಂಬಿದವರಿಗೆ ನಷ್ಟ.

ಒಂದು ಕೋಟಿ ಎಂದು ಗೆಳೆಯ ಹೇಳಿಯೇಬಿಟ್ಟ. ಮಾವ ನಗಲಿಲ್ಲ. ‘ನನ್ನ ಎರಡು ಲಕ್ಷ ತೆಗೆದರೆ, ಉಳಿದ 98 ಲಕ್ಷದ್ದು ನಿಮ್ಮಲ್ಲಿ ಏನುಂಟು?’ ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಆ ದುಡ್ಡು ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡಲು, ಆಳುಗಳ ಸಂಬಳಕ್ಕೆ ಎಂದು ಅವರು ಇಟ್ಟಿದ್ದು ಎಂಬುದು ನನಗೆ ಗೊತ್ತಿತ್ತು. ಎಕ್ಸೆಲ್‌ನ ಒಂದು ಅಂಕಿಯನ್ನು ನಂಬಿ ಅದನ್ನು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ‘ಈಗ ಬೇಡ ಮಾವ’ ಎಂದೆ.

ಆಮೇಲೆ ಇನ್ನೂ ನಾಲ್ಕು ಉಪಕರಣ ಮಾಡಿ ಐದು ಮನೆಗಳ ಅಂಗಳದಲ್ಲಿ ಇಟ್ಟೆವು. ಎರಡು ಕೆಟ್ಟವು, ಸರಿ ಮಾಡಿದೆವು. ಕಳೆದ ವಾರ ಪಕ್ಕದ ಮನೆಯವರು, ‘ಸಾವಿರ ರೂಪಾಯಿಗಾದರೆ ನನಗೊಂದು ಇರಲಿ’ ಎಂದರು. ಕೋಟಿಯ ಮುಂದೆ ಸಾವಿರ ಏನೂ ಅಲ್ಲ, ನಿಜ. ಆದರೆ ನಮ್ಮ ಲೆಕ್ಕದಲ್ಲಿ ನಾವೇ ಊಹಿಸಿ ಬರೆಯದ ಮೊದಲ ಅಂಕಿ ಅದು. ಮಾವನ ಹತ್ತಿರ ಮತ್ತೆ ಹೋಗುವಾಗ ಅಲ್ಲಿಂದಲೇ ಶುರು ಮಾಡುತ್ತೇವೆ.