ಆಳಿಗೆ ಹೇಳುವ ಮಾತು, ಆಳು ಹೇಳುವ ಮಾತು

'ಆಳು ಮಾಡಿದ್ದು ಹಾಳು' ಎಂದು ನಾವು ಸುಲಭವಾಗಿ ಗಾದೆ ಹೇಳುತ್ತೇವೆ. ಆದರೆ ಎಷ್ಟೋ ಸಲ ಕೆಲಸ ಕೆಡುವುದು ನಾವು ಹೇಳಿದ ರೀತಿಯಿಂದ.

ಬೆಳಗಾವಿಯಲ್ಲಿ ಮನೆ, ಖಾನಾಪುರದ ಕಡೆ ಅಡಿಕೆ ತೋಟ ಇರುವವರು ಮುಂಗಾರಿನ ಮುಂಚೆ ಮೇಸ್ತ್ರಿಗೆ ಫೋನಿನಲ್ಲಿ 'ಕೊಳೆರೋಗಕ್ಕೆ ಔಷಧಿ ಹೊಡೆಸಿ' ಎಂದರಷ್ಟೇ ಸಾಲದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕಲಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಎರಡನೆಯ ಸಿಂಪರಣೆ 40-45 ದಿನಕ್ಕೆ. ಇಷ್ಟನ್ನೂ ಬಿಡಿಸಿ ಹೇಳಬೇಕು. 'ತಿಳೀತೇನು?' ಎಂದರೆ ಎಲ್ಲರೂ 'ಹೂಂರಿ' ಎನ್ನುತ್ತಾರೆ. 'ಹೆಂಗ ಮಾಡ್ತೀರಿ, ಸ್ವಲ್ಪ ಹೇಳ್ರಿ' ಎಂದು ಅವರ ಬಾಯಿಂದಲೇ ಕೇಳೋಣ. ಮರಾಠಿ ಮಾತಿನವರಿದ್ದರೆ ಮರಾಠಿಯಲ್ಲಿಯೇ.

ಉಜ್ಜಿದ ಕುಡುಗೋಲನ್ನು ದ್ರಾವಣದಲ್ಲಿ ಅದ್ದಿದಾಗ ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಹಾಗೆಯೇ ಹೊಡೆದರೆ ಗೊನೆ ಸುಡುತ್ತದೆ. ಇದನ್ನು ಮೊದಲು ಕಾಣುವವನು ಕಲಸುವ ಆಳು. ಹಿಂದೊಮ್ಮೆ ತಪ್ಪು ತೋರಿಸಿ ಬೈಸಿಕೊಂಡಿದ್ದರೆ ಈ ಸಲ ಅವನು ಸುಮ್ಮನಿರುತ್ತಾನೆ.

ಆದ್ದರಿಂದ ಕೆಟ್ಟ ಸುದ್ದಿ ತಂದವರಿಗೆ ಮೊದಲು 'ಹೇಳಿದ್ದು ಒಳ್ಳೇದಾಯ್ತು' ಎನ್ನೋಣ. ತಪ್ಪು ಯಾರದೆಂಬ ವಿಚಾರಣೆ ಆಮೇಲೆ. ತೋಟದಲ್ಲಿ ಬಾಯಿ ತೆರೆಯಲು ಹೆದರಿಕೆ ಇಲ್ಲದಿದ್ದರೆ ಅರ್ಧ ನಷ್ಟ ಅಲ್ಲಿಯೇ ತಪ್ಪೀತು.